ಹನ್ನೊಂದು ತಿಂಗಳ ಕರಾರು

ಕತ್ರಿಗುಪ್ಪೆಯಿಂದ ಇಟ್ಟಮಡುವಿನ ಕಡೆಗೆ ತಿರುಗಿದರೆ ಮನೆಗಳೆಲ್ಲ ಅಗಲಕ್ಕಿಂತ ಎತ್ತರಕ್ಕೆ ಬೆಳೆದಿರುವುದು ಕಾಣುತ್ತದೆ. ಕೆಳಗೆ ಓನರ್, ನಡುವೆ ಬಾಡಿಗೆಯ ಸಂಸಾರಗಳು, ತುದಿಯಲ್ಲಿ ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಶೀಟು ಹೊದಿಸಿದ ಒಂದು ರೂಮು. ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದ ಇಟ್ಟಮಡುವನ್ನು ಒಂದು ಕಡೆಯಿಂದ ಬನಶಂಕರಿ ಮೂರನೇ ಹಂತ, ಇನ್ನೊಂದು ಕಡೆಯಿಂದ ರಿಂಗ್ ರೋಡು ಊರೊಳಗೆ ಎಳೆದುಕೊಂಡ ಮೇಲೆ ಈ ತುದಿಯ ರೂಮುಗಳಿಗೆ ಬೇಡಿಕೆ ಬಂತು. ಪಿಇಎಸ್‌ಗೆ ಓದಲು ಬಂದವರು, ದಯಾನಂದ ಸಾಗರ್‌ಗೆ ಸೇರಿದವರು, ಓದು ಮುಗಿಸಿ ಕೆಲಸ ಹುಡುಕುವವರು, ಕೆಲಸ ಸಿಕ್ಕಿ ಹೆಣ್ಣು ಹುಡುಕುವವರು, ಕೆಪಿಎಸ್‌ಸಿ ಪರೀಕ್ಷೆಗೆ ಕೂತವರು, ಎಲ್ಲರೂ ಒಂದಲ್ಲ ಒಂದು ದಿನ ಇಂಥ ಮೆಟ್ಟಿಲು ಹತ್ತಿ “ಅಂಕಲ್, ಬ್ಯಾಚುಲರ್ಸ್‌ಗೆ ಕೊಡ್ತೀರಾ?” ಎಂದು ಕೇಳಿದವರೇ.

ಅಂಕಲ್ ಒಪ್ಪಿದರೆ 11 ತಿಂಗಳ ಕರಾರು. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟವೂ ಖರ್ಚೂ ಬೇಡವೆಂದು ದೇಶವೇ ಕಂಡುಕೊಂಡ ಉಪಾಯ ಈ ಹನ್ನೊಂದು. ಅಡ್ವಾನ್ಸ್ ಎಷ್ಟು, ಬಾಡಿಗೆ ಯಾವ ತಾರೀಖಿಗೆ, ಬಿಡುವಾಗ ಪೇಂಟಿಂಗ್‌ಗೆಂದು ಎಷ್ಟು ಹಿಡಿಯುತ್ತಾರೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಒಳಗೆ ಒಟ್ಟಿಗೆ ಇರುವವರ ನಡುವೆ ಏನು ನಡೆಯಬೇಕೆಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದನ್ನು ಅವರವರೇ ಮಾಡಿಕೊಳ್ಳಬೇಕು, ಬಹುಮಟ್ಟಿಗೆ ಮಾತಿಲ್ಲದೆ.

ಮಾತಿಲ್ಲದ ಈ ಒಪ್ಪಂದ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಸಮಾಜ ಮನೋವಿಜ್ಞಾನಿಗಳು ಏಳು ದಶಕಗಳಿಂದ ಬೆನ್ನು ಹತ್ತಿದ್ದಾರೆ. ರೂಮ್‌ಮೇಟ್‌ಗಳ ಮೇಲೆ ಅವರಿಗೆ ಇಷ್ಟು ಪ್ರೀತಿ ಏಕೆಂದರೆ, ಗಂಡ ಹೆಂಡತಿ ಒಬ್ಬರನ್ನೊಬ್ಬರು ಒಪ್ಪಿ ಬಂದಿರುತ್ತಾರೆ, ಅಣ್ಣತಮ್ಮಂದಿರಿಗೆ ರಕ್ತದ ನಂಟಿರುತ್ತದೆ. ಹಾಸ್ಟೆಲಿನವರು ಚೀಟಿ ಎತ್ತಿ ಜೊತೆ ಮಾಡಿದ ಇಬ್ಬರ ನಡುವೆ ಮೊದಲ ದಿನ ಏನೆಂದರೆ ಏನೂ ಇರುವುದಿಲ್ಲ. ಆಮೇಲೆ ಹುಟ್ಟಿದ್ದೆಲ್ಲ ಒಟ್ಟಿಗೆ ಇದ್ದುದರ ಫಲ.

ಈ ಅಧ್ಯಾಯದ ಉದ್ದಕ್ಕೂ ಕಲ್ಪನೆಯ ಮೂವರನ್ನು ಜೊತೆಗೆ ಇಟ್ಟುಕೊಳ್ಳೋಣ. ಒಬ್ಬ ಹಾವೇರಿಯವನು, ಒಬ್ಬ ಮಂಡ್ಯದವನು, ಒಬ್ಬ ಪುತ್ತೂರಿನವನು. ಹೆಸರು ಬೇಡ, ಊರೇ ಸಾಕು.

ಗೋಡೆ ಕೂಡಿಸಿದ ಸ್ನೇಹ

ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರು ಮತ್ತೆ ಓದಲು ಸೇರಿದಾಗ ಅಮೆರಿಕದ ಎಂಐಟಿ ಅವರ ಸಂಸಾರಗಳಿಗೆಂದು ವೆಸ್ಟ್‌ಗೇಟ್ ಎಂಬ ವಸತಿ ಸಮುಚ್ಚಯ ಕಟ್ಟಿತು. ಯಾವ ಮನೆ ಬೇಕೆಂದು ಆರಿಸಿಕೊಳ್ಳುವ ಅವಕಾಶ ಯಾರಿಗೂ ಹೆಚ್ಚು ಇರಲಿಲ್ಲ. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ಅಲ್ಲಿನವರನ್ನು ‘ನಿಮಗೆ ಯಾರು ಸ್ನೇಹಿತರು’ ಎಂದು ಕೇಳುತ್ತ ಹೋಗಿ 1950ರಲ್ಲಿ ಪುಸ್ತಕ ಬರೆದರು. ಪಕ್ಕದ ಬಾಗಿಲಿನವರನ್ನು ಸ್ನೇಹಿತರೆಂದವರು ಶೇ. 41. ಒಂದು ಬಾಗಿಲು ಬಿಟ್ಟು ಆಚೆಯವರನ್ನು ಹಾಗೆಂದವರು ಶೇ. 22. ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹೆಸರಿಸಿದವರು ಶೇ. 10. ತುದಿಯಿಂದ ತುದಿಗೆ ಇದ್ದ ದೂರ ಮೂವತ್ತು ಮೀಟರನ್ನೂ ಮುಟ್ಟುತ್ತಿರಲಿಲ್ಲ. ಸ್ನೇಹಕ್ಕೆ ಮನಸ್ಸು ಬೇಕೆನ್ನುತ್ತೇವೆ. ಅದಕ್ಕೂ ಮೊದಲು ಮೆಟ್ಟಿಲು ಬೇಕು.

ಹಾಗಾದರೆ ಮನಸ್ಸಿಗೆ ಕೆಲಸವೇ ಇಲ್ಲವೇ? ಮಿಷಿಗನ್ ವಿಶ್ವವಿದ್ಯಾಲಯದ ಥಿಯೊಡೋರ್ ನ್ಯೂಕೂಂಬ್ 1950ರ ದಶಕದ ನಡುವಿನಲ್ಲಿ ಇದನ್ನು ತಿಳಿಯಲು ಒಂದು ಮನೆಯನ್ನೇ ಹಿಡಿದರು. ಒಬ್ಬರಿಗೊಬ್ಬರು ಪರಿಚಯವಿಲ್ಲದ 17 ಹುಡುಗರನ್ನು ಅದರಲ್ಲಿ ಇರಿಸಿದರು. ಮರುವರ್ಷ ಬೇರೆ 17 ಮಂದಿಯನ್ನು. ಬಾಡಿಗೆ ಕೊಡಬೇಕಿರಲಿಲ್ಲ. ಅದರ ಬದಲು ವಾರಕ್ಕೆ ಕೆಲವು ಗಂಟೆ ಕೂತು ‘ಯಾರು ಎಷ್ಟು ಇಷ್ಟ’ ಎಂಬ ಪ್ರಶ್ನೆಗಳಿಗೆ ಉತ್ತರ ತುಂಬಬೇಕಿತ್ತು. ಅವರು ಬರುವ ಮೊದಲೇ ಅವರವರ ನಂಬಿಕೆ, ಅಭಿಪ್ರಾಯಗಳನ್ನು ನ್ಯೂಕೂಂಬ್ ಕೇಳಿ ದಾಖಲಿಸಿಕೊಂಡಿದ್ದರು.

ಮೊದಲ ವಾರಗಳಲ್ಲಿ ಆ ದಾಖಲೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ರೂಮು, ಮಹಡಿ ಹಂಚಿಕೊಂಡವರೇ ಜೊತೆಗಾರರಾದರು. ಒಂದು ತಿಂಗಳು, ಎರಡು ತಿಂಗಳು ಕಳೆದಂತೆ ಗುಂಪುಗಳು ಒಡೆದು ಬೇರೆ ರೀತಿ ಕೂಡಿಕೊಂಡವು. ಹದಿನಾರು ವಾರಗಳ ಕೊನೆಗೆ ಯಾರು ಯಾರ ಜೊತೆ ಎಂಬುದನ್ನು ಹಳೆಯ ಅಭಿಪ್ರಾಯಗಳ ಹೊಂದಾಣಿಕೆ ಚೆನ್ನಾಗಿ ಹೇಳುತ್ತಿತ್ತು. ಜಾಗ ಪರಿಚಯ ಮಾಡಿಸಿತು, ಮನಸ್ಸು ನಿಧಾನಕ್ಕೆ ಆರಿಸಿಕೊಂಡಿತು.

ಈ ನಿಧಾನಕ್ಕೆ ಒಂದು ಅಳತೆಯೂ ಇದೆ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದಂತೆ ಪರಿಚಯ ಸಾಮಾನ್ಯ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನ ಗಟ್ಟಿಯಾಗಲು 90 ಗಂಟೆ, ಆಪ್ತತೆಗೆ 200 ಗಂಟೆಗಿಂತ ಹೆಚ್ಚು ಬೇಕು. ಆಫೀಸಿನಲ್ಲಿ ಎದುರುಬದುರು ಕೂತ ಹೊತ್ತು ಇದಕ್ಕೆ ಅಷ್ಟಾಗಿ ಸಲ್ಲುವುದಿಲ್ಲ; ಹರಟೆ, ಊಟ, ಸುಮ್ಮನೆ ಕಳೆದ ಸಮಯ ಸಲ್ಲುತ್ತದೆ. ನಮ್ಮ ಮೂವರು ದಿನಕ್ಕೆ ಮೂರು ಗಂಟೆ ಹಾಗೆ ಕಳೆದರೆ 200 ಗಂಟೆ ಎರಡು ತಿಂಗಳು ದಾಟಿ ಒಂದು ವಾರಕ್ಕೆ ತುಂಬುತ್ತದೆ. ಹಾವೇರಿಯವನ “ಊಟ ಆತೇನ್ರೀ?” ಎಂಬ ವಿಚಾರಣೆ “ಲೇ, ಉಂಡೀಯೇನ?” ಆಗುವುದೂ ಹೆಚ್ಚುಕಮ್ಮಿ ಆ ಹೊತ್ತಿಗೇ.

ಮಂಚ, ಮೊಳೆ, ಚಾರ್ಜರ್ ಪಾಯಿಂಟು

ಸ್ನೇಹ ಕೂಡುವ ಮೊದಲು ಇನ್ನೊಂದು ಕೆಲಸ ಆಗಿರುತ್ತದೆ. ಕಿಟಕಿಯ ಪಕ್ಕದ ಜಾಗ ಮೊದಲು ಬಂದವನಿಗೆ. ಗೋಡೆಯ ಮೂರು ಮೊಳೆಗಳಿಗೆ ಮೂರು ಟವೆಲ್. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಯಾವ ಪಾಯಿಂಟು ಯಾರದು ಎಂಬುದೂ ಮಾತಿಲ್ಲದೆ ಇತ್ಯರ್ಥವಾಗುತ್ತದೆ. ಹೊರಗಿನವರಿಗೆ ಇದು ಚಿಲ್ಲರೆ. ವಿಜ್ಞಾನಕ್ಕೆ ಅಲ್ಲ.

ಜಲಾಂತರ್ಗಾಮಿಗಳಲ್ಲಿ, ಧ್ರುವ ಪ್ರದೇಶದ ಶಿಬಿರಗಳಲ್ಲಿ ಕೆಲವೇ ಜನ ತಿಂಗಳುಗಟ್ಟಲೆ ಕೂಡಿ ಇರಬೇಕಾದಾಗ ಏನಾಗುತ್ತದೆ ಎಂಬ ಚಿಂತೆ 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಗೆ ಇತ್ತು. ಇರ್ವಿನ್ ಆಲ್ಟ್‌ಮನ್ ಮತ್ತು ವಿಲಿಯಂ ಹೇಥಾರ್ನ್ ನಾವಿಕರನ್ನು ಜೋಡಿ ಜೋಡಿಯಾಗಿ ಒಂದು ಪುಟ್ಟ ಕೋಣೆಯಲ್ಲಿ ಹತ್ತು ದಿನ ಇರಿಸಿ ಗಮನಿಸಿದರು. ಇದು ನನ್ನ ಮಂಚ ಎಂಬ ಹಕ್ಕು ಬೇಗ ಬಂತು. ಮೇಜಿನ ಯಾವ ಬದಿ, ಯಾವ ಕುರ್ಚಿ ಎಂಬುದು ಆಮೇಲೆ. ದಿನ ಕಳೆದಂತೆ ಇಬ್ಬರೂ ಅವರವರ ಜಾಗಕ್ಕೆ ಸರಿದು ಮಾತು ಕಡಿಮೆ ಮಾಡಿದರು. 1971ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ಇನ್ನೂ ಸ್ವಾರಸ್ಯದ್ದು. ತಡೆದುಕೊಳ್ಳಲಾರದೆ ನಡುವೆಯೇ ಹೊರಬಂದ ಜೋಡಿಗಳನ್ನು ಕೊನೆಯವರೆಗೂ ಉಳಿದ ಜೋಡಿಗಳ ಜೊತೆ ಹೋಲಿಸಿದಾಗ ಒಂದು ವ್ಯತ್ಯಾಸ ಎದ್ದು ಕಂಡಿತು. ಉಳಿದವರು ಮೊದಲ ದಿನಗಳಲ್ಲೇ ನನ್ನದು ನಿನ್ನದು ಎಂಬ ಗೆರೆ ಎಳೆದುಕೊಂಡಿದ್ದರು. ಒಡೆದವರು ಆರಂಭದಲ್ಲಿ ಆ ಗೋಜಿಗೇ ಹೋಗಿರಲಿಲ್ಲ.

‘ನಮ್ಮ ನಡುವೆ ಏನಿದೆ ಗುರೂ, ಎಲ್ಲ ಒಂದೇ’ ಎಂಬ ಮೊದಲ ದಿನದ ಔದಾರ್ಯ ಕೇಳಲು ಚೆಂದ. ನೂರು ದಿನದ ಬಾಳಿಕೆಗೆ ಬರುವುದು ಮಾತ್ರ ಮೊಳೆಯ ಮೇಲಿನ ಹಕ್ಕು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಬಂದಾಗ ಊರಿಗೆ ಹೋಗಲಾಗದೆ ರೂಮುಗಳಲ್ಲಿ ಉಳಿದ ಬೆಂಗಳೂರಿನ ಹುಡುಗ ಹುಡುಗಿಯರೆಲ್ಲ ನೌಕಾಪಡೆಯ ಆ ಪ್ರಯೋಗವನ್ನು ಸಂಬಳವಿಲ್ಲದೆ ಮಾಡಿ ಮುಗಿಸಿದವರೇ. ಜಾಗದ ಪ್ರಶ್ನೆ ಆಮೇಲೆ ಸರ್ಕಾರಿ ಕಾಗದಕ್ಕೂ ಬಂತು: 2024ರ ಆಗಸ್ಟ್‌ನಲ್ಲಿ ಅಂದಿನ ಬಿಬಿಎಂಪಿ ಪಿಜಿಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದು ನಿಗದಿ ಮಾಡಿತು. ಎಪ್ಪತ್ತು ಚದರಡಿ ಎಂದರೆ ಏಳಡಿಗೆ ಹತ್ತಡಿ. ಅಷ್ಟರೊಳಗೆ ಗೆರೆ ಎಳೆಯುವ ಕೆಲಸ ಇರುವವರದೇ.

ಎರಡು ಬಣ್ಣದ ಪೆನ್ನು

ಬಹಳಷ್ಟು ರೂಮುಗಳಲ್ಲಿ ಒಂದು ಲೆಕ್ಕದ ಪುಸ್ತಕ ಇರುತ್ತಿತ್ತು. ಈಗ ಅದು ಫೋನಿನೊಳಗೆ ಹೋಗಿದೆ. ಹಾಲು, ಮೊಟ್ಟೆ, ಗ್ಯಾಸ್, ವಾಟರ್ ಕ್ಯಾನ್, ಯಾರು ಕೊಟ್ಟರು, ಯಾರು ಕೊಡಬೇಕು. ಮನೋವಿಜ್ಞಾನಿ ಮಾರ್ಗರೆಟ್ ಕ್ಲಾರ್ಕ್ ಇಂಥ ಲೆಕ್ಕದಿಂದ ಸಂಬಂಧದ ಆಳ ಅಳೆಯಬಹುದು ಎಂದುಕೊಂಡರು. 1984ರ ಅವರ ಪ್ರಯೋಗದಲ್ಲಿ ಇಬ್ಬರು ಸೇರಿ ಅಂಕಿಗಳ ದೊಡ್ಡ ಪಟ್ಟಿಯಲ್ಲಿ ಕೆಲವು ಸರಣಿಗಳನ್ನು ಹುಡುಕಿ ಗುರುತು ಹಾಕಬೇಕಿತ್ತು, ಬಹುಮಾನ ಇಬ್ಬರಿಗೂ ಸೇರಿ. ಮೊದಲನೆಯವರು ಒಂದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ ಮುಗಿಸಿದ ಮೇಲೆ ಎರಡನೆಯವರಿಗೆ ಪೆನ್ನು ಆರಿಸಿಕೊಳ್ಳಲು ಬಿಟ್ಟರು. ಅಪರಿಚಿತರು ಬೇರೆ ಬಣ್ಣ ಎತ್ತಿಕೊಂಡರು. ಯಾರದೆಷ್ಟು ಎಂಬುದು ಕೊನೆಗೆ ಗೊತ್ತಾಗಬೇಕಲ್ಲ. ಸ್ನೇಹಿತರಲ್ಲಿ ಆ ಎಚ್ಚರ ಬಹಳ ಕಡಿಮೆ ಇತ್ತು.

ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಸಂಬಂಧಗಳನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದರಲ್ಲಿ ಕೊಟ್ಟದ್ದಕ್ಕೆ ಸಮನಾಗಿ ಬರಬೇಕು. ಇನ್ನೊಂದರಲ್ಲಿ ಯಾರಿಗೆ ಬೇಕೋ ಅವರಿಗೆ ಸಿಗಬೇಕು. ರೂಮ್‌ಮೇಟ್‌ಗಳು ಮೊದಲನೆಯದರಲ್ಲಿ ಶುರುವಾಗಿ ಎರಡನೆಯದರ ಕಡೆಗೆ ಜರುಗುತ್ತಾರೆ. ಮಂಡ್ಯದವನಿಗೆ ಜ್ವರ ಬಂದಾಗ ಪುತ್ತೂರಿನವನು ಗಂಜಿ ಮಾಡಿಕೊಟ್ಟು, ಆ ಅಕ್ಕಿಯನ್ನು ಲೆಕ್ಕಕ್ಕೆ ಬರೆಯದಿದ್ದರೆ ಅದು ಜರುಗಿದ ದಿನ. ತೊಂದರೆ ಬರುವುದು ಮೂವರೂ ಒಂದೇ ದಿನ ಜರುಗದಿದ್ದಾಗ. ಒಬ್ಬ ಇನ್ನೂ ಎರಡು ರೂಪಾಯಿಗೂ ಲೆಕ್ಕ ಕೇಳುತ್ತಿದ್ದರೆ ಇನ್ನೊಬ್ಬನಿಗೆ ಅವಮಾನ. ಒಬ್ಬ ಲೆಕ್ಕವನ್ನೇ ಬಿಟ್ಟರೆ ಇನ್ನೊಬ್ಬನಿಗೆ ಅದು ಕಳ್ಳಾಟ.

ಹಣಕ್ಕಾದರೂ ರಸೀದಿ ಇದೆ, ಕೆಲಸಕ್ಕೆ ಇಲ್ಲ. ಪಾತ್ರೆ ತೊಳೆಯುವುದು, ಕಸ ಕೊಡುವುದು, ನೀರು ಬಿಟ್ಟಾಗ ಎದ್ದು ಬಕೆಟ್ ತುಂಬುವುದು. ಕೆನಡಾದಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೊಲಿ 1979ರಲ್ಲಿ 37 ದಂಪತಿಗಳನ್ನು ಮನೆಗೆಲಸದಲ್ಲಿ ತಮ್ಮ ಪಾಲೆಷ್ಟು ಎಂದು ಬೇರೆ ಬೇರೆಯಾಗಿ ಕೇಳಿದರು. ಗಂಡ, ಹೆಂಡತಿ ಹೇಳಿದ್ದನ್ನು ಕೂಡಿದರೆ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ನೂರನ್ನು ಮೀರಿತು. ಸುಳ್ಳು ಹೇಳಿದ್ದಲ್ಲ. ತಾನು ತಿಕ್ಕಿದ ಕುಕ್ಕರ್ ನೆನಪಿಗೆ ಸುಲಭವಾಗಿ ಬರುತ್ತದೆ; ತಾನು ಮಲಗಿದ್ದಾಗ ಇನ್ನೊಬ್ಬ ತಿಕ್ಕಿದ್ದು ಕಣ್ಣಿಗೇ ಬಿದ್ದಿರುವುದಿಲ್ಲ. ಮೂವರಿದ್ದರೆ ಮೂರು ನೆನಪುಗಳ ಮೊತ್ತ ಇನ್ನೂ ಮೇಲಕ್ಕೆ ಹೋಗುತ್ತದೆ.

2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಈ ಲೆಕ್ಕಕ್ಕೆ ಹೊಸ ತಿರುವು ಕೊಟ್ಟಿತು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸ್ವಂತ ಮೀಟರ್ ಇರುವ, ಐದಾರು ಜನ ಸೇರಿ ಹಿಡಿದ ಮನೆಯಲ್ಲಿ ಇದರ ಅರ್ಥ ಬೇರೆ. ಮುಂಚೆ ಒಬ್ಬ ಇಂಡಕ್ಷನ್ ಒಲೆ ಹೆಚ್ಚು ಉರಿಸಿದರೆ ತಲೆಗೆ ಹತ್ತಿಪ್ಪತ್ತು ರೂಪಾಯಿ ಏರುತ್ತಿತ್ತು. ಈಗ ತಿಂಗಳ ಕೊನೆಯ ವಾರ ಗೀಸರ್ ಸ್ವಿಚ್ ಒತ್ತಿದವನೇ ಎಲ್ಲರ ಬಿಲ್ಲಿಗೂ ಹೊಣೆಗಾರನಂತೆ ಕಾಣುತ್ತಾನೆ, ಮೊದಲ ಮೂರು ವಾರ ಉರಿಸಿದವರು ಯಾರೇ ಇರಲಿ.

ಮೂರನೆಯವನು

ಇಟ್ಟಮಡುವಿನ ಪಿಜಿ ಬೋರ್ಡುಗಳಲ್ಲಿ ‘ಟೂ ಶೇರಿಂಗ್, ತ್ರೀ ಶೇರಿಂಗ್, ಫೋರ್ ಶೇರಿಂಗ್’ ಎಂದು ದರ ಇಳಿಯುತ್ತ ಹೋಗುತ್ತದೆ. ಜನ ಹೆಚ್ಚಿದಷ್ಟೂ ಕಿರಿಕಿರಿ ಹೆಚ್ಚು ಎಂದು ನಮ್ಮ ಎಣಿಕೆ. ಅದು ನೇರ ಗೆರೆಯಲ್ಲ.

1970ರ ದಶಕದ ಕೊನೆಯಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್ ಸಾಲದೆ ಇಬ್ಬರ ರೂಮಿಗೆ ಮೂವರನ್ನು ತುಂಬಿದರು. ಜಾನ್ ಐಯೆಲ್ಲೊ, ಆಂಡ್ರ್ಯೂ ಬಾಮ್ ಮತ್ತು ಜೊತೆಗಾರರಿಗೆ ಅಧ್ಯಯನಕ್ಕೆ ವಸ್ತು ಸಿಕ್ಕಿತು. ಮೂವರ ರೂಮುಗಳಲ್ಲಿ ಮತ್ತೆ ಮತ್ತೆ ಒಂದೇ ಕಥೆ: ಇಬ್ಬರು ಒಂದಾಗುತ್ತಾರೆ, ಮೂರನೆಯವರು ಹೊರಗುಳಿಯುತ್ತಾರೆ. ರೂಮು ಇಕ್ಕಟ್ಟು, ನನ್ನ ಕೈಯಲ್ಲಿ ಏನೂ ಇಲ್ಲ ಎಂಬ ದೂರು ಹೆಚ್ಚಾಗಿ ಬಂದದ್ದು ಹೊರಗುಳಿದವರಿಂದ. ಅದೇ ಹಾಸಿಗೆ, ಅದೇ ಗೋಡೆ ಹಂಚಿಕೊಂಡ ಉಳಿದಿಬ್ಬರಿಗೆ ಇಕ್ಕಟ್ಟು ಅಷ್ಟು ತಟ್ಟಿರಲಿಲ್ಲ. ನಾಲ್ವರ ರೂಮಿನಲ್ಲಿ ಎರಡು ಜೋಡಿ ಆಗುವ ಸಾಧ್ಯತೆ ಇರುವುದರಿಂದ ಹೀಗೆ ಒಬ್ಬರು ಒಂಟಿಯಾಗುವುದು ಕಡಿಮೆ. ಜರ್ಮನ್ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1908ರಲ್ಲೇ ಇದನ್ನು ತಾತ್ವಿಕವಾಗಿ ಹೇಳಿದ್ದರು: ಇಬ್ಬರು ಮೂವರಾದರೆ ಬದಲಾಗುವುದು ಸಂಖ್ಯೆ ಮಾತ್ರವಲ್ಲ, ಬಹುಮತ ಎಂಬುದು ಹುಟ್ಟುತ್ತದೆ.

ರಟ್ಗರ್ಸ್‌ನಲ್ಲಿ ಹುಡುಗಿಯರ ಮೇಲೆ ಇದರ ಪೆಟ್ಟು ಹೆಚ್ಚು ಬಿತ್ತು. ಹುಡುಗರು ರೂಮು ಬಿಟ್ಟು ಹೊರಗೆ ಹೊತ್ತು ಕಳೆಯುತ್ತಿದ್ದರು, ಹುಡುಗಿಯರು ರೂಮನ್ನೇ ಮನೆ ಮಾಡಿಕೊಳ್ಳಲು ನೋಡುತ್ತಿದ್ದರು. ರಾತ್ರಿ ಇಷ್ಟು ಗಂಟೆಗೆ ಗೇಟು ಬೀಳುತ್ತದೆ ಎಂಬ ನಮ್ಮ ಲೇಡೀಸ್ ಪಿಜಿಗಳಲ್ಲಿ ಹುಡುಗಿಗೆ ಆ ಆಯ್ಕೆಯೂ ಇಲ್ಲ. ಮುನಿಸಿಕೊಂಡ ಹುಡುಗ ಚಾ ಅಂಗಡಿಗೆ ಹೋಗಿ ಹನ್ನೊಂದಕ್ಕೆ ಬಂದು ಮಲಗಬಹುದು. ಅವಳು ಅದೇ ಮಂಚದ ಮೇಲೆ ಗೋಡೆಗೆ ಮುಖ ಮಾಡಬೇಕು.

ಚಮಚದ ಸದ್ದು

ನಾಲ್ಕೈದು ತಿಂಗಳಾದ ಮೇಲೆ ಒಂದು ವಿಚಿತ್ರ ಹಂತ ಬರುತ್ತದೆ. ಜಗಳವಿಲ್ಲ, ಬಾಕಿಯಿಲ್ಲ, ಆದರೂ ಹಾವೇರಿಯವನು ಲೋಟದಲ್ಲಿ ಚಮಚ ತಿರುಗಿಸುವ ಸದ್ದು ಪುತ್ತೂರಿನವನಿಗೆ ತಡೆಯಲಾಗುವುದಿಲ್ಲ. ಮೈಕೆಲ್ ಕನಿಂಗ್‌ಹ್ಯಾಮ್ ಎಂಬ ಮನೋವಿಜ್ಞಾನಿ ಇದಕ್ಕೆ ‘ಸಾಮಾಜಿಕ ಅಲರ್ಜಿ’ ಎಂದು ಹೆಸರಿಟ್ಟರು. ಮೊದಲ ಸಲ ಗಮನಕ್ಕೇ ಬಾರದ, ಹತ್ತನೇ ಸಲ ಚುರುಕೆನ್ನುವ, ಐವತ್ತನೇ ಸಲ ಮೈ ಪರಚಿಕೊಳ್ಳುವಂತೆ ಮಾಡುವ ಸಣ್ಣ ಅಭ್ಯಾಸಗಳು. ಮತ್ತೆ ಮತ್ತೆ ಎದುರಾದಷ್ಟೂ ರೂಢಿಯಾಗುವ ಬದಲು ಸಹನೆ ತೆಳ್ಳಗಾಗುತ್ತದೆ.

ವೆಸ್ಟ್‌ಗೇಟ್ ಪುಸ್ತಕದ ಇನ್ನೊಂದು ಮಗ್ಗುಲು ಇಲ್ಲಿ ಕಾಣುತ್ತದೆ. 1976ರಲ್ಲಿ ಎಬ್ಬೆ ಎಬ್ಬೆಸನ್ ಮತ್ತು ಜೊತೆಗಾರರು ಕ್ಯಾಲಿಫೋರ್ನಿಯಾದ ಒಂದು ವಸತಿ ಸಮುಚ್ಚಯದಲ್ಲಿ ಸ್ನೇಹಿತರ ಜೊತೆಗೆ ‘ಯಾರನ್ನು ಕಂಡರೆ ಆಗುವುದಿಲ್ಲ’ ಎಂದೂ ಕೇಳಿದರು. ಆಗದವರು ಸ್ನೇಹಿತರಿಗಿಂತಲೂ ಹತ್ತಿರದಲ್ಲಿ ವಾಸವಾಗಿದ್ದರು. ಸ್ನೇಹಿತರನ್ನು ಎರಡು ಬೀದಿ ಆಚೆಗೂ ಹುಡುಕಿಕೊಳ್ಳಬಹುದು. ಗದ್ದಲ, ಕಸ, ನಾಯಿ ಇವುಗಳ ತಂಟೆಗೆ ಪಕ್ಕದವರೇ ಬೇಕು. ಹತ್ತಿರ ಎಂಬುದು ಮೈಕ್ ಇದ್ದಂತೆ. ಹಾಡಿದರೆ ಹಾಡು, ಗೊಣಗಿದರೆ ಗೊಣಗು. ಅದು ದೊಡ್ಡದು ಮಾಡುತ್ತದೆ, ಆರಿಸುವುದಿಲ್ಲ.

ಇದರ ಮೇಲೆ ದೇಹದ ಗಡಿಯಾರವೂ ಕೈಯಾಡಿಸುತ್ತದೆ. ಟಿಲ್ ರೊಯೆನ್ನೆಬರ್ಗ್ ತಂಡ ಜರ್ಮನಿ, ಸ್ವಿಟ್ಜರ್ಲೆಂಡಿನ ಸುಮಾರು 25,000 ಜನರ ನಿದ್ದೆಯ ಹೊತ್ತು ಸಂಗ್ರಹಿಸಿ 2004ರಲ್ಲಿ ಹೇಳಿದಂತೆ, ಹರೆಯದಲ್ಲಿ ಮಲಗುವ ಹೊತ್ತು ತಡವಾಗುತ್ತ ಹೋಗಿ ಇಪ್ಪತ್ತರ ಆಸುಪಾಸಿಗೆ ತುದಿ ಮುಟ್ಟುತ್ತದೆ, ಆಮೇಲೆ ಮತ್ತೆ ಬೇಗನೆಯ ಕಡೆಗೆ ತಿರುಗುತ್ತದೆ. ಹತ್ತೊಂಬತ್ತಕ್ಕೆ ಮೂವರೂ ರಾತ್ರಿ ಎರಡಕ್ಕೆ ಮ್ಯಾಗಿ ಬೇಯಿಸುತ್ತಿದ್ದವರು. ಇಪ್ಪತ್ತಾರಕ್ಕೆ ಒಬ್ಬನಿಗೆ ಬೆಳಗಿನ ಏಳಕ್ಕೆ ಮೆಟ್ರೊ ಹಿಡಿಯಬೇಕು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ಸ್ ಸಿಟಿಯ ಕೆಲಸಕ್ಕೆ ಇಟ್ಟಮಡು ಇನ್ನಷ್ಟು ಹತ್ತಿರವಾಗಿದೆ. ಇನ್ನೊಬ್ಬನದು ಅಮೆರಿಕದ ಹೊತ್ತಿಗೆ ಹೊಂದಿಸಿದ ಶಿಫ್ಟು. ಸ್ವಭಾವ ಬದಲಾಯಿತೆಂದು ಇಬ್ಬರೂ ಬೈದುಕೊಳ್ಳುತ್ತಾರೆ. ಬದಲಾದದ್ದು ವಯಸ್ಸು.

ಕಿರಿಕಿರಿ ಹೆಚ್ಚಿತೆಂದರೆ ಸ್ನೇಹ ಕುಂದಿತೆಂದೇ? ರಾಬರ್ಟ್ ಹೇಸ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ವಿದ್ಯಾರ್ಥಿಗಳ ಸ್ನೇಹವನ್ನು ಮೊದಲ ಅವಧಿಯ ಉದ್ದಕ್ಕೂ ಹಿಂಬಾಲಿಸಿದರು. ಲಾಭದಿಂದ ನಷ್ಟ ಕಳೆದು ಉಳಿದದ್ದೇ ಸ್ನೇಹ ಎಂಬ ಲೆಕ್ಕ ಅಲ್ಲಿ ತಾಳೆಯಾಗಲಿಲ್ಲ. ಸ್ನೇಹದ ಗಾಢತೆಗೆ ಹೆಚ್ಚು ಹೊಂದಿದ್ದು ಲಾಭ ಮತ್ತು ನಷ್ಟ ಎರಡನ್ನೂ ಕೂಡಿದ ಮೊತ್ತ. ಆಪ್ತರು ಹೆಚ್ಚು ಕೊಡುತ್ತಾರೆ, ಹೆಚ್ಚು ಕಾಡುತ್ತಾರೆ. ಹಾಗಾಗಿ ಚಮಚದ ಸದ್ದು ಕಾಡತೊಡಗಿತೆಂದರೆ ಸಂಬಂಧ ಮುರಿಯುತ್ತಿದೆ ಎಂದಲ್ಲ. ಅದು ಹತ್ತಿರವಾದದ್ದರ ಗುರುತೂ ಹೌದು. ಮುಂದೆ ಯಾವ ಕಡೆಗೆ ವಾಲುತ್ತದೆ ಎಂಬುದಕ್ಕೆ ಜೆನಿಫರ್ ಕ್ರಾಕರ್ ಮತ್ತು ಏಮಿ ಕ್ಯಾನೆವೆಲ್ಲೊ ಮಿಷಿಗನ್‌ನ ಹೊಸ ರೂಮ್‌ಮೇಟ್ ಜೋಡಿಗಳಲ್ಲಿ ಒಂದು ಸುಳಿವು ಕಂಡರು. ಒಬ್ಬರು ಇನ್ನೊಬ್ಬರಿಗೆ ಒತ್ತಾಸೆಯಾಗುವ ಉದ್ದೇಶ ಇಟ್ಟುಕೊಂಡರೆ ಅದು ಇನ್ನೊಬ್ಬರ ಗಮನಕ್ಕೆ ಬಂದು, ಅವರಿಂದಲೂ ಒತ್ತಾಸೆ ಮರಳಿ, ವಾರದಿಂದ ವಾರಕ್ಕೆ ಏರುತ್ತ ಹೋಗುತ್ತಿತ್ತು. ತಾನು ಚೆನ್ನಾಗಿ ಕಾಣಿಸಿಕೊಳ್ಳಬೇಕೆಂಬುದೇ ಉದ್ದೇಶವಾದಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಅಂಟುವುದು, ಅಂಟದ್ದು

ಒಟ್ಟಿಗೆ ಇದ್ದವರು ಒಂದೇ ತರಹ ಆಗುತ್ತಾರೆ ಎನ್ನುವುದುಂಟು. ಎಷ್ಟರ ಮಟ್ಟಿಗೆ ನಿಜ?

ಲೇಡೀಸ್ ಹಾಸ್ಟೆಲುಗಳಲ್ಲಿ ಬಹಳ ಕೇಳುವ ಮಾತೊಂದಿದೆ: ಜೊತೆಗಿದ್ದವರ ಮುಟ್ಟಿನ ದಿನಗಳು ಕ್ರಮೇಣ ಕೂಡಿಬರುತ್ತವೆ ಎಂದು. 1971ರಲ್ಲಿ ಮಾರ್ಥಾ ಮೆಕ್‌ಕ್ಲಿಂಟಾಕ್ ವೆಲ್ಸ್‌ಲಿ ಕಾಲೇಜಿನ ಹಾಸ್ಟೆಲಿನ 135 ವಿದ್ಯಾರ್ಥಿನಿಯರನ್ನು ನೋಡಿ ‘ನೇಚರ್’ ಪತ್ರಿಕೆಯಲ್ಲಿ ಹಾಗೆಂದು ಬರೆದರು, ಮಾತು ಜಗತ್ತೆಲ್ಲ ಹಬ್ಬಿತು. ಆಮೇಲಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. 2006ರಲ್ಲಿ ಝೆಂಗ್‌ವೈ ಯಾಂಗ್ ಮತ್ತು ಜೆಫ್ರಿ ಶಾಂಕ್ ಚೀನಾದ ಹಾಸ್ಟೆಲುಗಳ 186 ಯುವತಿಯರ ದಾಖಲೆಯನ್ನು ವರ್ಷದಷ್ಟು ಕಾಲ ನೋಡಿ ಕೂಡಿಬರುವಿಕೆ ಇಲ್ಲವೆಂದರು. ಒಬ್ಬೊಬ್ಬರ ಚಕ್ರದ ಉದ್ದ ಒಂದೊಂದು. ಉದ್ದ ಬೇರೆಯಿದ್ದ ಎರಡು ಚಕ್ರಗಳು ಆಗಾಗ ಹತ್ತಿರ ಬಂದು ಮತ್ತೆ ದೂರ ಸರಿಯುವುದು ಬರೀ ಗಣಿತ. ಹತ್ತಿರ ಬಂದದ್ದು ನೆನಪಿನಲ್ಲಿ ಉಳಿಯುತ್ತದೆ, ದೂರ ಸರಿದದ್ದು ಉಳಿಯುವುದಿಲ್ಲ.

ನಿಜವಾಗಿ ಹಂಚಿಕೆಯಾಗುವುದು ಕಣ್ಣಿಗೆ ಕಾಣದ್ದು. ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ನಿಕೊಲಾ ಸೆಗಾಟಾ ತಂಡ 9,000ಕ್ಕೂ ಹೆಚ್ಚು ಮಾದರಿಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಸೂರಿನಡಿ ಇರುವವರ ನಡುವೆ ಕರುಳಿನ ಬ್ಯಾಕ್ಟೀರಿಯಾ ತಳಿಗಳಲ್ಲಿ ಸುಮಾರು ಶೇ. 12, ಬಾಯಿಯವುಗಳಲ್ಲಿ ಸುಮಾರು ಶೇ. 32 ಹಂಚಿಕೆ ಕಂಡಿತು. ಅವಳಿಗಳು ಕೂಡ ಬೇರೆ ಬೇರೆ ಮನೆಯಲ್ಲಿ ಬಾಳಿದ ವರ್ಷ ಹೆಚ್ಚಿದಷ್ಟೂ ಅವರ ಕರುಳಿನ ಹಂಚಿಕೆ ಕಡಿಮೆಯಾಗುತ್ತದೆ.

ಅಭ್ಯಾಸಗಳೂ ಅಂಟುತ್ತವೆ, ಆದರೆ ಎಲ್ಲವೂ ಅಲ್ಲ. ಹೊಸಬರಿಗೆ ರೂಮ್‌ಮೇಟ್‌ಗಳನ್ನು ಅದೃಷ್ಟಕ್ಕೆ ಬಿಟ್ಟು ಹಂಚುತ್ತಿದ್ದ ಡಾರ್ಟ್‌ಮತ್ ಕಾಲೇಜಿನ ದಾಖಲೆಗಳಿಂದ ಬ್ರೂಸ್ ಸ್ಯಾಸರ್‌ಡೋಟ್ 2001ರಲ್ಲಿ ತೋರಿಸಿದಂತೆ, ಅಂಕಗಳ ಮೇಲೆ ರೂಮ್‌ಮೇಟ್‌ನ ಪ್ರಭಾವ ಸಣ್ಣದು, ಯಾವ ಸಂಘ ಸೇರುವುದು ಎಂಬುದರ ಮೇಲೆ ಎದ್ದು ಕಾಣುವಷ್ಟು, ಯಾವ ವಿಷಯ ಆರಿಸಿಕೊಳ್ಳುವುದು ಎಂಬುದರ ಮೇಲೆ ಇಲ್ಲ. ಕುಡಿತದ ಕಥೆ ಬೇರೆ. ಮೈಕೆಲ್ ಕ್ರೆಮರ್ ಮತ್ತು ಡಾನ್ ಲೆವಿ 2008ರಲ್ಲಿ ಪ್ರಕಟಿಸಿದ್ದು ಇದು: ಕಾಲೇಜಿಗೆ ಬರುವ ಮೊದಲೇ ಕುಡಿಯುತ್ತಿದ್ದ ರೂಮ್‌ಮೇಟ್ ಸಿಕ್ಕ ಹುಡುಗರ ಸರಾಸರಿ ಗ್ರೇಡು ಕಾಲು ಅಂಕದಷ್ಟು ಇಳಿಯಿತು, ರೂಮು ಬಿಟ್ಟ ಮರುವರ್ಷವೂ ಆ ಇಳಿತ ಹೋಗಲಿಲ್ಲ. ಮನಸ್ಸಿನ ವಿಷಯದಲ್ಲಿ ಫಲಿತಾಂಶ ಮಿಶ್ರ. ಜೆರಾಲ್ಡ್ ಹೆಫಲ್ ಮತ್ತು ಜೆನಿಫರ್ ಹೇಮ್ಸ್ 2014ರಲ್ಲಿ 103 ಜೋಡಿಗಳಲ್ಲಿ, ಕಷ್ಟ ಬಂದಾಗ ಎಲ್ಲಕ್ಕೂ ತನ್ನನ್ನೇ ಹಳಿದುಕೊಂಡು ಕೊರಗುವ ಯೋಚನೆಯ ರೀತಿ ಮೂರು ತಿಂಗಳಲ್ಲಿ ಜೊತೆಗಾರರಿಗೆ ಹರಡಿದ್ದನ್ನು ಕಂಡರು. ಅದಕ್ಕೂ ಹಿಂದಿನ ವರ್ಷ 1,600ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಖಿನ್ನತೆಯೇ ಹರಡುವುದು ಅಷ್ಟಾಗಿ ಕಾಣಲಿಲ್ಲ. ಬೇಸರದಲ್ಲಿರುವವನ ಜೊತೆ ರೂಮು ಹಂಚಿಕೊಂಡರೆ ಬೇಸರವೂ ಅಂಟುತ್ತದೆ ಎಂದು ಧೈರ್ಯವಾಗಿ ಹೇಳಲಾಗದು.

‘ವೆಜ್ ಓನ್ಲಿ’

ಇಷ್ಟು ಹೊತ್ತು ಮೂವರೂ ಒಂದು ರೂಮಿಗೆ ಬಂದುಬಿಟ್ಟರು ಎಂದುಕೊಂಡೆವು. ಬರುವುದೇ ಸುಲಭವಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಓದುವ ಮಕ್ಕಳಿಗೆ ಆಸರೆಯಾದದ್ದು ಬಹುಕಾಲ ಸಮುದಾಯಗಳು ಕಟ್ಟಿದ ಹಾಸ್ಟೆಲುಗಳು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳು, ವೀರಶೈವ ಮಠಗಳು ಹಳ್ಳಿಯ ಮಕ್ಕಳಿಗೆ ಪಟ್ಟಣದ ಓದಿನ ಬಾಗಿಲು ತೆರೆದದ್ದು ಸಣ್ಣ ಮಾತಲ್ಲ. ಅಲ್ಲಿ ಪಕ್ಕದ ಮಂಚದವನು ಮಾತ್ರ ಸಾಮಾನ್ಯವಾಗಿ ತನ್ನವನೇ. ಇಟ್ಟಮಡುವಿನ ರೂಮು ಬಾಡಿಗೆಯ ಅನುಕೂಲ ನೋಡಿ ಜನರನ್ನು ಕೂಡಿಸುತ್ತದೆ, ಆದರೆ ಗೇಟಿನಲ್ಲಿ ತೂಗುವ ‘ವೆಜ್ ಓನ್ಲಿ’ ಬೋರ್ಡು ಅರ್ಧ ಸೋಸುವಿಕೆಯನ್ನು ಅಲ್ಲೇ ಮಾಡಿರುತ್ತದೆ. ಅದನ್ನು ದಾಟಿದ ರೂಮುಗಳಲ್ಲಿ ಜೋಳದ ರೊಟ್ಟಿ, ರಾಗಿ ಮುದ್ದೆ, ಕುಚ್ಚಲಕ್ಕಿ ಗಂಜಿಯ ಮನೆಗಳಿಂದ ಬಂದವರು ಬೇರೆ ಬೇರೆ ಜಾತಿಗಳನ್ನೂ ಹೊತ್ತು ತಂದು ಒಂದೇ ಕುಕ್ಕರಿಗೆ ಕೂಡುತ್ತಾರೆ.

ಕೂಡಿದ ಮಾತ್ರಕ್ಕೆ ಪೂರ್ವಗ್ರಹ ಕರಗುತ್ತದೆಯೇ? ಅಮೆರಿಕದಲ್ಲಿ ನಟಾಲಿ ಶುಕ್ ಮತ್ತು ರಸೆಲ್ ಫಾಜಿಯೊ ಬಿಳಿಯ ವಿದ್ಯಾರ್ಥಿಗಳಿಗೆ ಕಪ್ಪು ವರ್ಣದ ರೂಮ್‌ಮೇಟ್ ಸಿಕ್ಕ ಜೋಡಿಗಳನ್ನು ಗಮನಿಸಿ 2008ರಲ್ಲಿ ಬರೆದದ್ದು ಎರಡು ಮುಖದ ಸತ್ಯ. ಆ ರೂಮುಗಳಲ್ಲಿ ತೃಪ್ತಿ ಕಡಿಮೆ ಇತ್ತು, ಒಟ್ಟಿಗೆ ಕಳೆದ ಹೊತ್ತೂ ಕಡಿಮೆ. ಆದರೂ ಕೆಲವೇ ತಿಂಗಳಲ್ಲಿ ಬಿಳಿಯ ವಿದ್ಯಾರ್ಥಿಗಳ ಅರಿವಿಗೇ ಬಾರದ ಪೂರ್ವಗ್ರಹ ಇಳಿದಿತ್ತು. ಸುಖವಾಗಿರದಿದ್ದರೂ ಕಲಿತಿದ್ದರು.

ಜಾತಿಯ ಬಗ್ಗೆ ನಮ್ಮ ದೇಶದ್ದೇ ಪ್ರಯೋಗವೊಂದಿದೆ. ಮ್ಯಾಟ್ ಲೋವ್ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್ ನಡೆಸಿ 1,261 ಯುವಕರನ್ನು ಅದೃಷ್ಟಕ್ಕೆ ಬಿಟ್ಟು ಕೆಲವರನ್ನು ಮಿಶ್ರಜಾತಿ ತಂಡಗಳಿಗೆ, ಕೆಲವರನ್ನು ಒಂದೇ ಜಾತಿಯ ತಂಡಗಳಿಗೆ ಹಾಕಿದರು. ಒಂದೇ ತಂಡದಲ್ಲಿ ಬೇರೆ ಜಾತಿಯವರ ಜೊತೆ ಆಡಿದವರಲ್ಲಿ ಜಾತಿ ಮೀರಿದ ಸ್ನೇಹ ಹೆಚ್ಚಿತು. ಬೇರೆ ಜಾತಿಯವರನ್ನು ಎದುರಾಳಿಯಾಗಿ ಮಾತ್ರ ಕಂಡವರಲ್ಲಿ ಅದು ಕುಗ್ಗಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ರೂಮಿಗೆ ತಂದರೆ ಪ್ರಶ್ನೆ ಹೀಗಾಗುತ್ತದೆ: ಬೇರೆ ಬೇರೆಯವರು ಇದ್ದಾರೆಯೇ ಎಂಬುದಷ್ಟೇ ಅಲ್ಲ, ಅವರು ಒಂದು ಕೆಲಸಕ್ಕೆ ಒಟ್ಟಿಗೆ ಕೈ ಹಾಕುತ್ತಾರೆಯೇ, ಒಂದು ಬಕೆಟ್ ನೀರಿಗೆ ಪೈಪೋಟಿ ಮಾಡುತ್ತಾರೆಯೇ? ಪಾಳಿ ಹಚ್ಚಿ ಅಡುಗೆ ಮಾಡುವ ರೂಮು ಮಿಶ್ರಜಾತಿ ತಂಡ. ಮೂವರೂ ಬೇರೆ ಬೇರೆ ಸ್ವಿಗ್ಗಿ ತರಿಸಿಕೊಂಡು ಬಾತ್‌ರೂಮಿಗೆ ಮಾತ್ರ ಸಾಲು ನಿಲ್ಲುವ ರೂಮು ಎದುರಾಳಿಗಳ ಮೈದಾನ.

ಖಾಲಿ ಮಾಡುವಾಗ

ಮುಂದಿನ ವರ್ಷವೂ ಒಟ್ಟಿಗೆ ಇರುತ್ತಾರೆಯೇ ಎಂಬುದು ಯಾವಾಗ ಗೊತ್ತಾಗುತ್ತದೆ? ಜಾನ್ ಬರ್ಗ್ 1984ರಲ್ಲಿ ರೂಮ್‌ಮೇಟ್ ಜೋಡಿಗಳನ್ನು ಶೈಕ್ಷಣಿಕ ವರ್ಷದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಕೇಳಿ ಹೋಲಿಸಿದರು. ವರ್ಷದ ಕೊನೆಯ ಉತ್ತರಗಳು ಎಷ್ಟು ಚೆನ್ನಾಗಿ ನಿರ್ಧಾರವನ್ನು ಊಹಿಸುತ್ತಿದ್ದವೋ ಆರಂಭದ ವಾರಗಳ ಉತ್ತರಗಳೂ ಹೆಚ್ಚುಕಮ್ಮಿ ಅಷ್ಟೇ ಊಹಿಸುತ್ತಿದ್ದವು. ನೌಕಾಪಡೆಯ ಮಂಚಗಳ ಕಥೆಯ ಪಕ್ಕದಲ್ಲಿ ಇದನ್ನು ಇಟ್ಟರೆ ತಾತ್ಪರ್ಯ ಒಂದೇ. ಸ್ವಭಾವ ಹೊಂದುತ್ತದೆಯೇ ಎಂಬುದು ತಿಂಗಳುಗಳು ಕಳೆದು ತಿಳಿಯುವ ಸಂಗತಿ. ಅಷ್ಟರೊಳಗೆ ಏಳುವ ಹೊತ್ತು, ಗ್ಯಾಸಿನ ಸರದಿ, ನೆಂಟರು ಬಂದರೆ ಎಷ್ಟು ದಿನ ಎಂಬ ಸಣ್ಣ ಏರ್ಪಾಡುಗಳು ಸಂಬಂಧದ ದಿಕ್ಕನ್ನು ಬಹುಪಾಲು ತಿರುಗಿಸಿಯಾಗಿರುತ್ತದೆ. ಅವನ್ನು ಮಾತಾಡಿ ಮುಗಿಸಲು ಸರಿಯಾದ ಕಾಲ ಜಗಳದ ಮರುದಿನವಲ್ಲ, ಮೊದಲ ವಾರ.

ಕೊನೆಗೆ ಒಬ್ಬನಿಗೆ ಮದುವೆ, ಒಬ್ಬನಿಗೆ ಹೈದರಾಬಾದ್, ಒಬ್ಬ ಊರಿಗೆ ಮರಳಿ ಅಡಿಕೆ ತೋಟಕ್ಕೆ. ಬೇರೆಯಾದ ಮೇಲೆ ಸ್ನೇಹ ಎಷ್ಟು ಬಾಳುತ್ತದೆ ಎಂಬುದನ್ನು ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್‌ಬಾರ್ ಬ್ರಿಟನ್ನಿನ 30 ವಿದ್ಯಾರ್ಥಿಗಳಲ್ಲಿ ಹದಿನೆಂಟು ತಿಂಗಳು ನೋಡಿದರು. ಮನೆಯವರ ಮೇಲಿನ ಅಕ್ಕರೆ ದೂರ ಹೋದರೂ ಅಷ್ಟಾಗಿ ಕುಗ್ಗಲಿಲ್ಲ, ಹಳೆಯ ಸ್ನೇಹಿತರದು ಕುಗ್ಗಿತು. ತಡೆದವರು ತಡೆದ ಬಗೆ ಬೇರೆ ಬೇರೆ: ಹುಡುಗಿಯರಿಗೆ ಮಾತಾಡುತ್ತಿದ್ದರೆ ಉಳಿಯಿತು. ಹುಡುಗರಿಗೆ ಮಾತು ಸಾಲಲಿಲ್ಲ, ಒಟ್ಟಿಗೆ ಸೇರಿ ಏನಾದರೂ ಮಾಡಬೇಕಿತ್ತು. ವಾಟ್ಸ್‌ಆ್ಯಪ್ ಗುಂಪಿನ ‘ಗುಡ್ ಮಾರ್ನಿಂಗ್’ಗಿಂತ ವರ್ಷಕ್ಕೊಂದು ಕುದುರೆಮುಖ ಚಾರಣ ಹೆಚ್ಚು ಕೆಲಸ ಮಾಡುತ್ತದೆ.

ನಿಂತುಹೋದ ಸ್ನೇಹ ಸತ್ತಿರುವುದಿಲ್ಲ. ಡೇನಿಯಲ್ ಲೆವಿನ್ ಮತ್ತು ಜೊತೆಗಾರರು 2011ರಲ್ಲಿ ಕಂಪನಿಗಳ ಹಿರಿಯ ಅಧಿಕಾರಿಗಳಿಗೆ ಒಂದು ಕೆಲಸ ಕೊಟ್ಟರು: ಕನಿಷ್ಠ ಮೂರು ವರ್ಷ ಮಾತಾಡದ ಹಳೆಯ ಪರಿಚಯದವರಿಗೆ ಫೋನ್ ಮಾಡಿ, ಈಗಿನ ಕೆಲಸದ ತೊಡಕಿಗೆ ಸಲಹೆ ಕೇಳಿ. ಹಲವರು ಮುಜುಗರದಿಂದ ಹಿಂದೆಗೆದರು. ಕೇಳಿದ ಮೇಲೆ ಸಿಕ್ಕ ಸಲಹೆ ದಿನವೂ ಒಡನಾಡುವವರ ಸಲಹೆಗೆ ಸರಿಗಟ್ಟಿತ್ತು, ಹೊಸತನದಲ್ಲಿ ಮೀರಿಸಿತ್ತು. ಕಾರಣ ಸರಳ. ಹಳೆಯ ನಂಬಿಕೆ ಹಾಗೇ ಉಳಿದಿರುತ್ತದೆ, ತಿಳಿವಳಿಕೆ ಮಾತ್ರ ಬೇರೆ ಬೇರೆ ದಾರಿಯಲ್ಲಿ ಬೆಳೆದಿರುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಕೆಲಸಗಳ ಸುದ್ದಿ ಹಳೆಯ ರೂಮ್‌ಮೇಟ್‌ನಿಂದ ಬರುವುದರ ಗುಟ್ಟು ಇದೇ.

ಆರಿಸಿಕೊಳ್ಳದೆ ಕೂಡಿದವರಲ್ಲಿ ಇಷ್ಟೆಲ್ಲ ನಡೆಯುತ್ತದೆ. ಜಾತಕ ನೋಡಿ, ಒಪ್ಪಿ, ಜೀವನಪೂರ್ತಿಗೆಂದು ಒಂದೇ ರೂಮಿಗೆ ಬಂದ ಇಬ್ಬರ ನಡುವೆಯೂ ಪೆನ್ನಿನ ಬಣ್ಣ, ಚಮಚದ ಸದ್ದು ಇವೇ ಕೆಲಸ ಮಾಡುತ್ತವೆಯೇ, ಆಯ್ಕೆ ಎಂಬುದು ಏನನ್ನಾದರೂ ಬದಲಿಸುತ್ತದೆಯೇ? ಮುಂದಿನ ಅಧ್ಯಾಯದ ಪ್ರಶ್ನೆ ಅದು.